ಬಾರದ ರೋಗಕ್ಕೆ ವೆಚ್ಚವೇಕೆ?

ಸೇತುವೆ ಕಟ್ಟಿದ ಇಲಾಖೆ ವರ್ಷದ ಕೊನೆಯಲ್ಲಿ ಸೇತುವೆಯನ್ನು ತೋರಿಸಿ, ಹಣ ಹೀಗೆ ವೆಚ್ಚವಾಯಿತೆಂದು ಹೇಳಬಹುದು. ರೋಗವನ್ನು ತಡೆಯುವ ಇಲಾಖೆ ಏನನ್ನು ತೋರಿಸಬೇಕು? ಅದರ ಕೆಲಸ ಪೂರ್ಣವಾಗಿ ಸಫಲವಾದಾಗ ತೋರಿಸಲು ಉಳಿಯುವುದು ಸೊನ್ನೆ ಮಾತ್ರ. ಸೊನ್ನೆಯನ್ನು ಕಂಡವರು, "ಇಲ್ಲದ ರೋಗಕ್ಕೆ ಇಷ್ಟು ಹಣವೇಕೆ?" ಎಂದು ಕೇಳುವುದು ಸಹಜ. ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಏನಾಗುವುದೆಂಬುದನ್ನು ನಮ್ಮ ದೇಶದ ಮಲೇರಿಯಾ ಕಾರ್ಯಕ್ರಮದ ಇತಿಹಾಸದಿಂದ ತಿಳಿಯೋಣ.

ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು ಮಾಡಲಾಗಿತ್ತು. ನಮ್ಮ ಮಲೆನಾಡಿನಲ್ಲಿ ಮಕ್ಕಳ ಹೊಟ್ಟೆಯಲ್ಲಿ ಕಾಣುತ್ತಿದ್ದ ಜ್ವರಗಡ್ಡೆ ಈ ರೋಗದ ಗುರುತೇ ಆಗಿತ್ತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕನ್ನಡ ಜಿಲ್ಲೆಗಳಲ್ಲಿ 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗವನ್ನು ಕೈಗೊಂಡರು. ಇಂತಹ ಪ್ರಯೋಗಗಳ ಯಶಸ್ಸನ್ನು ಕಂಡು 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಸೊಳ್ಳೆ ಹುಟ್ಟುವುದು ನೀರಿನಲ್ಲಿ. ಔಷಧವನ್ನು ಗೋಡೆಗೆ ಹೊಡೆಯುವುದೇಕೆ? ಮಲೇರಿಯಾ ಹರಡುವ ಹಲವು ಜಾತಿಯ ಅನಾಫಿಲಿಸ್ ಸೊಳ್ಳೆಗಳು ರಕ್ತ ಹೀರಿದ ಮೇಲೆ ಮನೆಯ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತವೆ. ರೋಗಿಯ ರಕ್ತದೊಡನೆ ಹೊಟ್ಟೆ ಸೇರಿದ ರೋಗಾಣು ಬೆಳೆದು ಇನ್ನೊಬ್ಬರಿಗೆ ತಗಲುವಂತಾಗಲು ಸುಮಾರು 10 ದಿನಗಳು ಬೇಕು. ಅಷ್ಟು ದಿನ ಸೊಳ್ಳೆ ಬದುಕಿದ್ದರೆ ಮಾತ್ರ ಅಪಾಯ.

ಇಲ್ಲಿ ಒಂದು ಸರಳವಾದ ಲೆಕ್ಕವಿದೆ. ರೋಗಾಣು ಹೊತ್ತ 1,000 ಸೊಳ್ಳೆಗಳಲ್ಲಿ ಪ್ರತಿದಿನ ನೂರಕ್ಕೆ 90 ಉಳಿಯುತ್ತವೆಂದು ಇಟ್ಟುಕೊಳ್ಳೋಣ. 10 ದಿನಗಳ ಮೇಲೆ ಸುಮಾರು 350 ಉಳಿದಿರುತ್ತವೆ. ಔಷಧದ ಪ್ರಭಾವದಿಂದ ದಿನಕ್ಕೆ ನೂರಕ್ಕೆ 50 ಮಾತ್ರ ಉಳಿದರೆ, 10 ದಿನಗಳ ಮೇಲೆ ಉಳಿಯುವುದು ಕೇವಲ ಒಂದು! ವಿಕಿರಣಶೀಲ ಧಾತುವಿನ ಕ್ಷಯವನ್ನು ಓದಿದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ನಿಯಮ. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಅವುಗಳ ಆಯುಸ್ಸನ್ನು ಕುಗ್ಗಿಸಿದರೆ ಸಾಕು. ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಉಂಟು. ಕೆಲಸ ಸಡಿಲಗೊಂಡು ದಿನಕ್ಕೆ ನೂರಕ್ಕೆ 80 ಉಳಿಯುವಂತಾದರೆ, ಕೊನೆಗೆ ಉಳಿಯುವುದು ಒಂದಲ್ಲ, ಸುಮಾರು 107. ಸಣ್ಣ ಉದಾಸೀನಕ್ಕೆ ನೂರುಪಟ್ಟು ದಂಡ!

ಫಲ ಬೇಗನೆ ಕಂಡುಬಂದಿತು. 1958ರಲ್ಲಿ ಗುರಿ ಬದಲಾಯಿತು: ಇನ್ನು ನಿಯಂತ್ರಣವಲ್ಲ, ನಿರ್ಮೂಲನ. ಕೆಲವು ವರ್ಷ ಸಿಂಪಡಿಸುವುದು. ರೋಗ ತಗ್ಗಿದೆಡೆ ಸಿಂಪಡಿಸುವುದನ್ನು ನಿಲ್ಲಿಸಿ, 15 ದಿನಗಳಿಗೊಮ್ಮೆ ಮನೆಮನೆಗೆ ಹೋಗಿ ಜ್ವರ ಬಂದವರ ರಕ್ತವನ್ನು ಪರೀಕ್ಷಿಸುವುದು. ಕೊನೆಗೆ ಹೊಣೆಯನ್ನು ಸಾಮಾನ್ಯ ಆರೋಗ್ಯ ಸೇವೆಗೆ ಒಪ್ಪಿಸುವುದು. ಇದು ಕಾರ್ಯಕ್ರಮದ ಕ್ರಮ. 1961ರಲ್ಲಿ ದೇಶದಲ್ಲಿ ಪತ್ತೆಯಾದ ರೋಗಿಗಳು ಸುಮಾರು 50 ಸಾವಿರ ಮಾತ್ರ.

ಗೆದ್ದೆವೆಂಬ ಭಾವನೆ ಬಂದುದು ಆಗಲೇ. ಕ್ರಮೇಣ ಡಿ.ಡಿ.ಟಿ. ಸಕಾಲದಲ್ಲಿ ಸಾಕಷ್ಟು ಒದಗದಾಯಿತು, ಹಣ ಸಾಲದಾಯಿತು. ಹೊಣೆ ಹೊರಬೇಕಾಗಿದ್ದ ಹಳ್ಳಿಗಳ ಆರೋಗ್ಯ ಕೇಂದ್ರಗಳು ಇನ್ನೂ ಬಲಗೊಂಡಿರಲಿಲ್ಲ. ಸೊಳ್ಳೆಗಳಲ್ಲಿ ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿ ಬೆಳೆಯಿತು. 1973ರಲ್ಲಿ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್ ಔಷಧಕ್ಕೂ ಮಣಿಯದ ರೋಗಾಣು ಕಾಣಿಸಿತು. 1976ರಲ್ಲಿ ಪತ್ತೆಯಾದ ರೋಗಿಗಳ ಸಂಖ್ಯೆ ಸುಮಾರು 64.7 ಲಕ್ಷ! 15 ವರ್ಷಗಳಲ್ಲಿ ಸುಮಾರು 130 ಪಟ್ಟು ಏರಿಕೆ. ಉಳಿಸಿದೆವೆಂದುಕೊಂಡ ಹಣ ಉಳಿತಾಯವಾಗಿರಲಿಲ್ಲ, ಅದು ಸಾಲವಾಗಿತ್ತು. 1977ರಲ್ಲಿ ಯೋಜನೆಯನ್ನೇ ಪರಿಷ್ಕರಿಸಿ ಹೊಸದಾಗಿ ದುಡಿಯಬೇಕಾಯಿತು.

ಆದುದರಿಂದ ಆರೋಗ್ಯ ಇಲಾಖೆಯ ವಾರ್ಷಿಕ ವರದಿಯನ್ನು ಓದುವಾಗ ರೋಗಿಗಳ ಸಂಖ್ಯೆಯೊಂದನ್ನೇ ನೋಡಬಾರದು. ಎಷ್ಟು ಜನರ ರಕ್ತವನ್ನು ಪರೀಕ್ಷಿಸಿದರೆಂಬುದನ್ನೂ ನೋಡಬೇಕು. ಒಂದು ಲಕ್ಷ ಜನರಿರುವ ತಾಲ್ಲೂಕಿನಲ್ಲಿ 10,000 ಜನರ ರಕ್ತ ಪರೀಕ್ಷಿಸಿ 100 ರೋಗಿಗಳನ್ನು ಕಂಡರೆನ್ನೋಣ. ಮರುವರ್ಷ 2,000 ಜನರನ್ನಷ್ಟೆ ಪರೀಕ್ಷಿಸಿ 40 ರೋಗಿಗಳನ್ನು ಕಂಡರೆ ರೋಗ ಇಳಿಯಿತೆ? ರೋಗಿಗಳ ಸಂಖ್ಯೆ ಇಳಿಯಿತು, ನಿಜ. ಆದರೆ ಪರೀಕ್ಷಿಸಿದ ನೂರರಲ್ಲಿ ರೋಗಿಗಳು ಒಂದರಿಂದ ಎರಡಕ್ಕೆ ಏರಿದರು. ದೀಪ ಆರಿಸಿದ ಕೋಣೆಯಲ್ಲಿ ಧೂಳು ಕಾಣದೆಂದ ಮಾತ್ರಕ್ಕೆ ಕೋಣೆ ಶುಚಿಯಾಗುವುದಿಲ್ಲ. ಅಂತೆಯೇ 7.5 ಕೋಟಿ ಎಂಬುದು ಅಂದಾಜು, 50 ಸಾವಿರ ಎಂಬುದು ಎಣಿಕೆ. ಬೇರೆ ಬೇರೆ ಅಳತೆಗೋಲುಗಳಿಂದ ಬಂದ ಸಂಖ್ಯೆಗಳನ್ನು ಹೋಲಿಸುವಾಗ ಎಚ್ಚರವಿರಬೇಕೆಂದು ಪ್ರಯೋಗಶಾಲೆಯಲ್ಲಿ ಕಲಿತ ಪಾಠ ಇಲ್ಲಿಯೂ ಸಲ್ಲುತ್ತದೆ.

2023ರಲ್ಲಿ ದೇಶದಲ್ಲಿ ಪತ್ತೆಯಾದ ಮಲೇರಿಯಾ ರೋಗಿಗಳು ಸುಮಾರು 2.27 ಲಕ್ಷ. 2030ರೊಳಗೆ ರೋಗವನ್ನು ಇಲ್ಲವಾಗಿಸಬೇಕೆಂಬುದು ಈಗಿನ ಗುರಿ. ಸಂಖ್ಯೆ ಮತ್ತೊಮ್ಮೆ ಸೊನ್ನೆಯತ್ತ ಸಾಗಿದೆ. ಹಳೆಯ ಪ್ರಶ್ನೆಯೂ ಮತ್ತೊಮ್ಮೆ ಏಳುವುದು ಖಂಡಿತ. ನಾಳೆ ಆಯವ್ಯಯದ ಪಟ್ಟಿಯನ್ನು ಕೈಯಲ್ಲಿ ಹಿಡಿಯುವವರು ಇಂದಿನ ವಿದ್ಯಾರ್ಥಿಗಳೇ ಅಲ್ಲವೆ? ಆ ಪಟ್ಟಿಯಲ್ಲಿ "ರೋಗಿಗಳು: ಸೊನ್ನೆ" ಎಂದು ಬರೆದಿರುವುದನ್ನು ಕಂಡಾಗ, ಆ ಸೊನ್ನೆಯನ್ನು ಕಾಯುವುದಕ್ಕೂ ಬೆಲೆ ತೆರಬೇಕೆಂಬುದನ್ನು ಅವರು ಮರೆಯದಿರಲಿ.