ಆರೋಗ್ಯದ ಅರಿವಿನ ಅಳತೆ

ತಿಪಟೂರಿನ ಮಾರುಕಟ್ಟೆಗೆ ಬಂದ ಕೊಬ್ಬರಿಯನ್ನು ತೂಗಿ ಬೆಲೆ ಕಟ್ಟುತ್ತಾರೆ. ಆದರೆ ತರುಣರಲ್ಲಿರುವ ಆರೋಗ್ಯದ ಅರಿವನ್ನು ತೂಗುವುದು ಹೇಗೆ? ಅಕ್ಷರ ಬಲ್ಲವರೆಲ್ಲರೂ ಔಷಧದ ಚೀಟಿಯ ತಾತ್ಪರ್ಯವನ್ನು ಬಲ್ಲರೆಂದು ಹೇಳಲಾಗದು. ಆರೋಗ್ಯದ ವಿಷಯವನ್ನು ಹುಡುಕುವುದು, ಗ್ರಹಿಸುವುದು, ಸತ್ಯಾಸತ್ಯತೆಯನ್ನು ವಿವೇಚಿಸುವುದು, ಬಾಳಿನಲ್ಲಿ ಬಳಸುವುದು—ಈ ನಾಲ್ಕೂ ಕೂಡಿದರೆ ‘ಆರೋಗ್ಯ ಸಾಕ್ಷರತೆ’.

ಇದನ್ನು ಅಳೆಯಲು ವಿದ್ವಾಂಸರು ಪ್ರಶ್ನಾವಳಿಗಳನ್ನು ರಚಿಸಿದ್ದಾರೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಐಸ್‌ಕ್ರೀಮ್ ಡಬ್ಬಿಯ ಪೋಷಕಾಂಶಗಳ ಪಟ್ಟಿಯನ್ನು ಕೊಟ್ಟು ಆರು ಪ್ರಶ್ನೆಗಳನ್ನು ಕೇಳುತ್ತಾರೆ. ಪಟ್ಟಿಯನ್ನು ಓದಿದರೆ ಸಾಲದು. ಲೆಕ್ಕ ಹಾಕಿ ಉತ್ತರಿಸಬೇಕು.

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿ ಅಂಥ ಪರೀಕ್ಷೆಯು ವಾಂತಿಭೇದಿಯ ದಿನ ತಾನಾಗಿಯೇ ಒದಗುತ್ತದೆ. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣಕ್ಕೆ 200 ಮಿಲಿಲೀಟರಿನ ಲೋಟದಲ್ಲಿ ಐದು ಲೋಟ ಶುದ್ಧ ನೀರು ಬೇಕು. ಒಂದೇ ಲೋಟಕ್ಕೆ ಪೊಟ್ಟಣವನ್ನೆಲ್ಲ ಸುರಿದರೆ ಉಪ್ಪು ಮಿತಿಮೀರಿ ಮಗುವಿಗೆ ಅಪಾಯವಾದೀತು. ತೋಟದ ಎಳನೀರು ಹಿತವಾದುದೇ. ಆದರೆ ಅದರಲ್ಲಿ ಸೋಡಿಯಂ ಕಡಿಮೆಯಾದ್ದರಿಂದ ಅದು ಪೊಟ್ಟಣಕ್ಕೆ ಬದಲಿಯಾಗಲಾರದು. ಓದು ಬಾರದ ಹಿರಿಯರಿಗೆ ಇದನ್ನು ಓದಿ ತಿಳಿಸಬೇಕಾದವರು ಹಲವು ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ.

ಈ ಅಳತೆಯ ಉದ್ದೇಶ ತರುಣರನ್ನು ಜಾಣರು, ದಡ್ಡರು ಎಂದು ವಿಂಗಡಿಸುವುದಲ್ಲ. ತೊಡಕು ಎಲ್ಲಿದೆಯೆಂದು ಕಂಡುಕೊಂಡು ಚೀಟಿಯ ಭಾಷೆಯನ್ನೂ ಶಾಲೆಯ ಪಾಠವನ್ನೂ ತಿಳಿಯಾಗಿಸುವುದೇ ಅದರ ಸಾರ್ಥಕತೆ.