ಕಿಫಿ ಧೂಪ: ಸುವಾಸನೆಯಿಂದ ರೋಗ ದೂರವಾದೀತೇ?

ಎಷ್ಟು ಕಿತ್ತರೂ ಮತ್ತೆ ಚಿಗುರುವ ಜೇಕಿನ ಕಳೆಯನ್ನು ನೀವೆಲ್ಲ ಬಲ್ಲಿರಿ. ಅದರ ಗೆಡ್ಡೆಯನ್ನು ಒಣಗಿಸಿ ಜಜ್ಜಿದರೆ ಹಿತವಾದ ವಾಸನೆ ಬರುತ್ತದೆ. ಇದೇ ಜಾತಿಯ ಗೆಡ್ಡೆಯನ್ನು ಪ್ರಾಚೀನ ಈಜಿಪ್ಟಿನವರು 'ಕಿಫಿ' ಎಂಬ ಧೂಪಕ್ಕೆ ಬಳಸುತ್ತಿದ್ದರು.

ಇದನ್ನು ತಯಾರಿಸುವ ಕ್ರಮವನ್ನು ಎಡ್ಫು ಮತ್ತು ಫಿಲೇ ದೇವಾಲಯಗಳ ಗೋಡೆಗಳ ಮೇಲೆ ಕೆತ್ತಲಾಗಿದೆ. ಸುಮಾರು 1900 ವರ್ಷಗಳ ಹಿಂದೆ ಗ್ರೀಕ್ ಲೇಖಕ ಪ್ಲುಟಾರ್ಕ್ ಇದರಲ್ಲಿ 16 ಪದಾರ್ಥಗಳಿದ್ದುವೆಂದು ಬರೆದನು. ಜೇನುತುಪ್ಪ, ದ್ರಾಕ್ಷಿಯ ಮದ್ಯ, ಒಣದ್ರಾಕ್ಷಿ, ರಾಳ, ಬೋಳ ಇವು ಅವುಗಳಲ್ಲಿ ಕೆಲವು. ಈಜಿಪ್ಟಿನಲ್ಲಿ ಬೆಳಿಗ್ಗೆ ರಾಳ, ಮಧ್ಯಾಹ್ನ ಬೋಳ, ಸಂಜೆ ಕಿಫಿಯನ್ನು ಸುಡುತ್ತಿದ್ದರು. ಕೆಟ್ಟ ಗಾಳಿಯೇ ರೋಗಕ್ಕೆ ಮೂಲ, ಹೊಗೆ ಅದನ್ನು ಶುದ್ಧಿ ಮಾಡುತ್ತದೆ ಎಂಬುದು ಅಂದಿನವರ ನಂಬಿಕೆ. ಅಥೆನ್ಸ್ ನಗರದಲ್ಲಿ ಮಹಾಮಾರಿ ಬಂದಾಗ ಅಕ್ರಾನ್ ಎಂಬ ವೈದ್ಯನು ರೋಗಿಗಳ ಪಕ್ಕದಲ್ಲಿ ಬೆಂಕಿ ಹಾಕಿಸಿ ಹೆಸರು ಪಡೆದನೆಂದೂ ಪ್ಲುಟಾರ್ಕ್ ಹೇಳುತ್ತಾನೆ.

1887ರಲ್ಲಿ ಫ್ರಾನ್ಸಿನ ವಿದ್ವಾಂಸ ವಿಕ್ಟರ್ ಲೋರೆ ಕಿಫಿಯ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿದರು. ಅಂದಿನಿಂದ ಹಲವರು ಇದನ್ನು ಮತ್ತೆ ತಯಾರಿಸಲು ಯತ್ನಿಸಿದ್ದಾರೆ. ಒಣದ್ರಾಕ್ಷಿಯನ್ನು ಮದ್ಯದಲ್ಲಿ ನೆನೆಸಿ, ಬೇರು ಗೆಡ್ಡೆಗಳ ಪುಡಿ ಬೆರೆಸಿ, ಜೇನು ಮತ್ತು ರಾಳವನ್ನು ಕಾಯಿಸಿ ಸೇರಿಸಿ, ಕೊನೆಗೆ ಬೋಳದ ಪುಡಿ ಹಾಕುತ್ತಾರೆ. ಇಲ್ಲಿರುವ ದೊಡ್ಡ ತೊಡಕು ಗಿಡಗಳ ಹೆಸರಿನದು. ಗೋಡೆಯ ಮೇಲಿನ ಹಳೆಯ ಹೆಸರು ಇಂದಿನ ಯಾವ ಗಿಡದ್ದೆಂದು ಎಲ್ಲ ಕಡೆ ಖಚಿತವಾಗಿಲ್ಲ. ಒಂದೇ ಗಿಡಕ್ಕೆ ಊರಿಗೊಂದು ಹೆಸರಿರುವುದನ್ನು ಕಂಡ ನಿಮಗೆ ಈ ಕಷ್ಟ ಅರ್ಥವಾದೀತು.

ಸುವಾಸನೆ ಮರಳಿ ಬಂದೀತು. ಆದರೆ ಅದು ರೋಗವನ್ನು ತಡೆದೀತೇ? ಪ್ಲೇಗನ್ನೇ ನೋಡಿ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಅದರ ರೋಗಾಣುವನ್ನು ಕಂಡುಹಿಡಿದರು. 1898ರಲ್ಲಿ ಕರಾಚಿಯಲ್ಲಿ ಸೈಮಂಡ್ ಎಂಬ ವೈದ್ಯರು, ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ತೋರಿಸಿದರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ತಪ್ಪು ವಾಸನೆಯದಾಗಿರಲಿಲ್ಲ, ಇಲಿ ಮತ್ತು ಚಿಗಟಗಳದಾಗಿತ್ತು.

ಆದ್ದರಿಂದ ಧೂಪವನ್ನು ಪೂಜೆಗೆ, ಸಂತೋಷಕ್ಕೆ ಹಾಕಿ. ಔಷಧಿಯೆಂದು ನಂಬಿ ಕೂರಬೇಡಿ. ಹಸುಗೂಸು ಅಥವಾ ಉಬ್ಬಸದವರು ಮಲಗಿರುವ ಮುಚ್ಚಿದ ಕೋಣೆಯಲ್ಲಿ ಹೊಗೆ ತುಂಬಿಸಬೇಡಿ. ಕಾಳಿನ ಚೀಲಗಳನ್ನು ನೆಲದಿಂದ ಎತ್ತರಕ್ಕೆ, ಗೋಡೆಯಿಂದ ದೂರಕ್ಕೆ ಜೋಡಿಸಿ. ಇಲಿ ಬಿಲಗಳನ್ನು ಮುಚ್ಚಿ. ಕಾರಣ ತಿಳಿಯದೆ ಇಲಿಗಳು ಸತ್ತು ಬೀಳುತ್ತಿದ್ದರೆ ಬರಿಗೈಯಿಂದ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಿ. ಜ್ವರ ಬಂದವರನ್ನು ತಡಮಾಡದೆ ವೈದ್ಯರಿಗೆ ತೋರಿಸಿ.