ಪ್ರತಿನಿಧಿಯ ಪಥ: ಹೇಮಾವತಿಯ ದಂಡೆಯಿಂದ ದೆಹಲಿಯವರೆಗೆ

‘ಪ್ರತಿನಿಧಿ’ ಎಂದರೆ ಮತ್ತೊಬ್ಬರಿಗೆ ಬದಲಾಗಿ ನಿಲ್ಲುವವನು. ಸಹಸ್ರಾರು ಜನರು ಸಭೆಗೆ ಹೋಗಲಾರರು. ಅವರ ಪರವಾಗಿ ಒಬ್ಬನು ಹೋಗುತ್ತಾನೆ. ಹಾಗೆ ಹೋದವನು ತನ್ನ ಸೀಮೆಗಾಗಿ ಮಾತ್ರ ನುಡಿಯಬೇಕೆ, ಸಮಸ್ತ ನಾಡಿಗಾಗಿ ನುಡಿಯಬೇಕೆ? ಈ ಪ್ರಶ್ನೆಯ ವಿವೇಚನೆಗೆ ನಮ್ಮ ಜಿಲ್ಲೆಯವರೇ ಆದ ಶ್ರೀ ಎಚ್. ಡಿ. ದೇವೇಗೌಡರ ರಾಜಕೀಯ ಜೀವನವು ತಕ್ಕ ನಿದರ್ಶನವಾಗಿದೆ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರ ಮೇ 18ರಂದು ಕೃಷಿಕ ಕುಟುಂಬದಲ್ಲಿ ಜನಿಸಿದ ಅವರು ಹಾಸನದ ಎಲ್. ವಿ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದರು. 1953ರಲ್ಲಿ ಕಾಂಗ್ರೆಸ್ಸನ್ನು ಸೇರಿದರು. ಊರಿನ ಸಹಕಾರ ಸಂಘ, ತಾಲ್ಲೂಕು ಅಭಿವೃದ್ಧಿ ಮಂಡಲಿಗಳೇ ಅವರಿಗೆ ಮೊದಲ ಪಾಠಶಾಲೆ. 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಶಾಸನಸಭೆಗೆ ಆಯ್ಕೆಯಾದರು. ಅಲ್ಲಿಂದ ಸತತವಾಗಿ ಆರು ಚುನಾವಣೆಗಳನ್ನು ಗೆದ್ದರು. 1972ರಿಂದ ನಾಲ್ಕು ವರ್ಷ ವಿರೋಧಪಕ್ಷದ ನಾಯಕರಾಗಿದ್ದರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವನ್ನು ಅನುಭವಿಸಿದಾಗ ಆ ಕಾಲವನ್ನು ಗ್ರಂಥಾಧ್ಯಯನಕ್ಕೆ ವಿನಿಯೋಗಿಸಿದರು.

ಅವರ ಚಿಂತನೆಯ ಕೇಂದ್ರ ನೀರು. ಅದಕ್ಕೆ ಕಾರಣವು ಈ ನೆಲದಲ್ಲಿಯೇ ಇದೆ. ಮಲ್ಲಿಪಟ್ಟಣ ಹೋಬಳಿಯನ್ನೊಳಗೊಂಡ ಅರಕಲಗೂಡು ತಾಲ್ಲೂಕು ಹೇಮಾವತಿ, ಕಾವೇರಿಗಳೆರಡರ ಸೀಮೆ. ಹೊಳೆನರಸೀಪುರವಂತೂ ಹೇಮಾವತಿಯ ದಂಡೆಯಲ್ಲಿಯೇ ಇದೆ. ನದಿ ಹತ್ತಿರವಿದ್ದರೂ ಎತ್ತರದ ಹೊಲಗಳ ರೈತನು ಮುಗಿಲನ್ನೇ ನೋಡಬೇಕಾಗಿತ್ತು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದಕ್ಕಾಗಿ ಹಲವು ಗ್ರಾಮಗಳು ಮುಳುಗಿದವು. ಆದರೆ ಕಾಲುವೆಗಳ ಕಾರ್ಯ ಬಹುಕಾಲ ಉಳಿದಿತ್ತು. ಕಾಲುವೆ ಮುಗಿಯದಿದ್ದರೆ ಮನೆಮಠ ಕಳೆದುಕೊಂಡವರ ತ್ಯಾಗಕ್ಕೆ ಫಲವೆಲ್ಲಿ? 1983ರಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾದ ಗೌಡರು, ನೀರಾವರಿಗೆ ಸಾಕಷ್ಟು ಹಣ ಒದಗಲಿಲ್ಲವೆಂದು ಪ್ರತಿಭಟಿಸಿ ಸಂಪುಟಕ್ಕೆ ರಾಜೀನಾಮೆ ನೀಡಿದರು.

1989ರಲ್ಲಿ ಪರಾಜಯ, 1991ರಲ್ಲಿ ಹಾಸನದಿಂದ ಲೋಕಸಭೆ, 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಪದವಿ, 1996ರ ಜೂನ್ 1ರಂದು ಪ್ರಧಾನಮಂತ್ರಿ ಪದವಿ. ಕನ್ನಡಿಗರೊಬ್ಬರು ಆ ಸ್ಥಾನವನ್ನು ಅಲಂಕರಿಸಿದ್ದು ಅದೇ ಮೊದಲು. ಸಂಯುಕ್ತ ರಂಗದ ಆ ಸರ್ಕಾರವು ಒಂದು ವರ್ಷವನ್ನೂ ಪೂರೈಸಲಿಲ್ಲ. ಆದರೂ ರಾಜ್ಯಗಳಲ್ಲಿ ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳಿಗೆ ಕೇಂದ್ರದ ಸಾಲ ನೆರವು ನೀಡುವ ಕಾರ್ಯಕ್ರಮ ಆಗಲೇ ಆರಂಭವಾಯಿತು. 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದೊಡನೆ ಗಂಗಾಜಲದ ಒಪ್ಪಂದವೂ ಆಯಿತು. ಹೇಮಾವತಿಯ ದಂಡೆಯಲ್ಲಿ ಕಲಿತ ಪಾಠ ಗಂಗೆಯ ದಂಡೆಗೂ ಉಪಯುಕ್ತವಾಯಿತು.

ಟೀಕೆಗಳೂ ಇಲ್ಲದಿಲ್ಲ. ಸ್ವಜಿಲ್ಲೆಯ ಮೇಲಣ ಒಲವು, ಕುಟುಂಬದವರ ರಾಜಕೀಯ ಪ್ರಾಬಲ್ಯ ಇವುಗಳ ಬಗೆಗೆ ಆಕ್ಷೇಪಗಳು ಬಂದಿವೆ. ಮತದಾರರೂ ಅವರನ್ನು ಸುಮ್ಮನೆ ಬಿಡಲಿಲ್ಲ: 1999ರಲ್ಲಿ ಸ್ವಂತ ಹಾಸನವೇ, 2019ರಲ್ಲಿ ತುಮಕೂರು ಅವರನ್ನು ಸೋಲಿಸಿತು. ಅವರು 2002ರ ಉಪಚುನಾವಣೆಯಲ್ಲಿ ಕನಕಪುರದಿಂದ ಲೋಕಸಭೆಗೂ, 2020ರಲ್ಲಿ ರಾಜ್ಯಸಭೆಗೂ ಮರಳಿದರು.

ಸೀಮೆಯ ಕಷ್ಟವನ್ನು ಆಳವಾಗಿ ಬಲ್ಲವನು ನಾಡಿನ ಕಷ್ಟವನ್ನೂ ಅರಿಯಬಲ್ಲನು; ಆದರೆ ಸೀಮೆಯಲ್ಲಿಯೇ ನಿಂತುಬಿಟ್ಟರೆ ಅರಿವು ಕಿರಿದಾಗುತ್ತದೆ. ಪ್ರತಿನಿಧಿಯ ಪಥವು ಈ ಎರಡರ ನಡುವಿನದು. ಅವನು ಎಲ್ಲಿ ನಿಂತನೆಂಬುದನ್ನು ಅಳೆಯುವ ಹೊಣೆ ಅವನನ್ನು ಕಳುಹಿಸಿದವರದೇ.